ಟೆಸ್ಟ್ ನೆಗೆಟಿವ್, ಆದರೂ ಮಲೇರಿಯಾ ಮಾತ್ರೆ ಯಾಕೆ?

ಜ್ವರ ಅಂದ ಕೂಡಲೇ ಮಲೇರಿಯಾ ಅಂತ ಹಿಡಿಯುವ ಹಳೇ ರೂಢಿಯೇ ಇದಕ್ಕೆ ಕಾರಣ ಇರಬೇಕು. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ರ‍್ಯಾಪಿಡ್ ಟೆಸ್ಟ್ ನೆಗೆಟಿವ್ ಬಂದರೂ ನಿಮಗೆ ಮ್ಸೆಟೊ ಅನ್ನುವ ಮಲೇರಿಯಾ ಮಾತ್ರೆ, ಆಂಟಿಬಯಾಟಿಕ್, ಮೇಲೊಂದು ಇಂಜೆಕ್ಷನ್ ಬರೆದಿದ್ದಾರೆ, ಅಲ್ವಾ? ಅಲ್ಲಿನ ಒಂದು ಕ್ಲಿನಿಕ್‌ನಲ್ಲಿ ನನ್ನ ಚೀಟಿಯಲ್ಲಿ ಐದು ಔಷಧಗಳಿದ್ದವು. ಮೊದಲು ಟೆಸ್ಟ್, ಆಮೇಲೆ ಮಾತ್ರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ.

ಇವತ್ತೇ ಚೀಟಿ ಹಿಡಿದು ಡಾಕ್ಟರ ಹತ್ತಿರ ವಾಪಸ್ ಹೋಗಿ. ಯಾವುದು ಯಾವುದಕ್ಕೆ ಅಂತ ಒಂದೊಂದಾಗಿ ಕೇಳಿ. ಮಾತ್ರೆ ಶುರು ಮಾಡಿದ್ದರೆ ಕೇಳದೆ ಸುಮ್ನೆ ನಿಲ್ಲಿಸಬೇಡಿ. ರಕ್ತದಲ್ಲಿ ರೋಗಾಣು ಕಡಿಮೆ ಇದ್ದಾಗ ರ‍್ಯಾಪಿಡ್ ಟೆಸ್ಟ್ ತಪ್ಪುವುದುಂಟು. ಅದಕ್ಕೇ ಜ್ವರ ಬಿಡದಿದ್ದರೆ ಮೈಕ್ರೋಸ್ಕೋಪ್‌ನಲ್ಲಿ ನೋಡುವ ಸ್ಲೈಡ್ ಟೆಸ್ಟ್ ಮಾಡಿಸಿ. ಡೆಂಗ್ಯೂ ಕೂಡ ಇರಬಹುದು, ಇಲ್ಲಿ ಕೂತು ಹೇಳೋಕೆ ಆಗಲ್ಲ. ಅದು ಅಲ್ಲ ಅಂತ ಗೊತ್ತಾಗುವವರೆಗೆ ಐಬುಪ್ರೊಫೆನ್ ಬೇಡ, ಪ್ಯಾರಸಿಟಮಾಲ್ ಸಾಕು.

ಮಲೇರಿಯಾ ಖಚಿತವಾದರೆ ಮ್ಸೆಟೊ ಮೂರು ದಿನಕ್ಕೆ ಆರು ಡೋಸ್. ಎರಡನೆಯದು ಮೊದಲನೆಯದಾಗಿ 8 ಗಂಟೆ ಕಳೆದ ಮೇಲೆ. ಬರೀ ಕಪ್ಪು ಚಹಾ ಜೊತೆ ನುಂಗಬೇಡಿ. ಹಾಲೋ, ಎಣ್ಣೆ ಜಿಡ್ಡಿರುವ ಊಟವೋ ಬೇಕು. ಜ್ವರ ಇಳಿದರೂ ಆರೂ ಡೋಸ್ ಮುಗಿಸಿ. ವಾಂತಿ ನಿಲ್ಲದಿದ್ದರೆ ಅಥವಾ ಮಾತು ತೊದಲಿದರೆ ಕಾಯಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ.