ಮಾಳಿಗೆ ತೋಟ ಉಳಿಸಿಕೊಂಡು ಸೋಲಾರ್: ಅಕ್ಕಾರ ಮೂರು ಕೊಟೇಶನ್‌ಗೆ ಒಂದು ಉತ್ತರ

ಅಕ್ಕಾರೇ, ನಮ್ಮ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಎರಡು ಸಾಲಿನಲ್ಲಿ ಹೇಳುವ ವಿಷಯ ಅಲ್ಲ. ಇವತ್ತು ರವಿವಾರ, ಚಹಾ ಇಟ್ಟುಕೊಂಡು ಕೂತಿದ್ದೇನೆ.

ಈಗ ಓದುತ್ತಿರುವವರಿಗೆ ವಿಷಯ ಇಷ್ಟು. ಅಕ್ಕಾರದು ಧಾರವಾಡದಲ್ಲಿ 30x40 ಸೈಟಿನ ಮನೆ, ಮಾಳಿಗೆ ತುಂಬ ತೋಟ. ಕರೆಂಟು ತಿಂಗಳಿಗೆ ಸರಾಸರಿ 260 ಯುನಿಟ್. 3 ಕಿಲೋವ್ಯಾಟ್ ಸೋಲಾರ್‌ಗೆ ಮೂವರು ಮೂರು ಬಗೆಯ ಪ್ಯಾನೆಲ್‌ಗೆ ಕೊಟೇಶನ್ ಕೊಟ್ಟಿದ್ದಾರೆ: ಪಾಲಿ ಹಳೆಯ ಬಗೆ, ಮೊನೊ ಪರ್ಕ್ ಅದಕ್ಕಿಂತ ಹೊಸದು, ಟಾಪ್‌ಕಾನ್ ಮೂರರಲ್ಲಿ ಎಲ್ಲಕ್ಕಿಂತ ಹೊಸದು. ಒಬ್ಬರದು 335 ವ್ಯಾಟಿನ ಪಾಲಿ ಪ್ಯಾನೆಲ್ 9, ಬೆಲೆ 1.50 ಲಕ್ಷ. ಇನ್ನೊಬ್ಬರದು 540 ವ್ಯಾಟಿನ ಮೊನೊ ಪರ್ಕ್ 6, ಬೆಲೆ 1.95 ಲಕ್ಷ. ಮೂರನೆಯವರದು 580 ವ್ಯಾಟಿನ ಟಾಪ್‌ಕಾನ್ ಬೈಫೇಶಿಯಲ್ 5, ಬೆಲೆ 1.60 ಲಕ್ಷ. ಅವರ ಪ್ರಶ್ನೆ: "ಟಾಪ್‌ಕಾನ್ ಹೊಸ ತಂತ್ರಜ್ಞಾನ ಅಂತಾರೆ, ರೇಟೂ ಕಡಿಮೆ ಇದೆ, ಅದನ್ನೇ ಹಾಕಿಸಲಾ?"

ಮೊದಲು ಆ ಕಡಿಮೆ ರೇಟಿನ ಗುಟ್ಟು. ನೀವು ಹಾಕಿದ ಮೂರು ಫೋಟೋ ದೊಡ್ಡದು ಮಾಡಿ ಓದಿದೆ. ಪರ್ಕ್ ಕೊಟೇಶನ್‌ನಲ್ಲಿ ಮಾತ್ರ 'ಡಿಸಿಆರ್' ಎಂಬ ಅಕ್ಷರ ಇದೆ. ಟಾಪ್‌ಕಾನ್‌ನವರು ಆ ಮಾತೇ ಎತ್ತಿಲ್ಲ. ಡಿಸಿಆರ್ ಅಂದರೆ ಪ್ಯಾನೆಲ್ ಅಷ್ಟೇ ಅಲ್ಲ, ಅದರೊಳಗೆ ಬಿಸಿಲನ್ನು ಕರೆಂಟು ಮಾಡುವ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಪಿಎಂ ಸೂರ್ಯಘರ್ ಸಬ್ಸಿಡಿ ಸಿಗುವುದು ಅಂಥದ್ದಕ್ಕೆ ಮಾತ್ರ. ಹೊರಗಿನ ಸೆಲ್ ತಂದು ಇಲ್ಲಿ ಜೋಡಿಸಿದ ಪ್ಯಾನೆಲ್ ಅಗ್ಗ. ಕೆಲಸದಲ್ಲಿ ಕಳಪೆ ಅಂತೇನಿಲ್ಲ, ಆದರೆ ಸಬ್ಸಿಡಿ ಇಲ್ಲ. ಪಾಲಿ ಕಥೆಯೂ ಅದೇ. ಸರ್ಕಾರದ ಅನುಮೋದಿತ ಪಟ್ಟಿಗೆ ಸೇರಲು ಕನಿಷ್ಠ ಇಷ್ಟು ದಕ್ಷತೆ (ಬಿದ್ದ ಬಿಸಿಲಿನಲ್ಲಿ ಕರೆಂಟಾಗುವ ಪಾಲು) ಇರಬೇಕು ಎಂದಿದೆ, ಪಾಲಿಯ ಶೇಕಡಾ 17ಕ್ಕೆ ಅದು ಎಟುಕುವುದಿಲ್ಲ.

ಈಗ ಲೆಕ್ಕ ತಿರುಗಿಸಿ ನೋಡಿ. ಸಬ್ಸಿಡಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಮೇಲಕ್ಕೆ 78,000. ಅಲ್ಲಿಗೆ ಪರ್ಕ್ ನಿಮಗೆ ಬೀಳುವುದು 1.17 ಲಕ್ಷಕ್ಕೆ. ಪಾಲಿ 1.50, ಟಾಪ್‌ಕಾನ್ 1.60, ಎರಡೂ ಪೂರ್ತಿ ಕೈಯಿಂದಲೇ. ಎಲ್ಲಕ್ಕಿಂತ ದುಬಾರಿ ಕಂಡಿದ್ದೇ ಅಗ್ಗ ಆಯಿತಲ್ವಾ. ಇದೊಂದನ್ನು ನೋಡದೆ ಸಹಿ ಮಾಡಿ ಆಮೇಲೆ ಹಣೆ ಚಚ್ಚಿಕೊಂಡವರನ್ನು ಹುಬ್ಬಳ್ಳಿಯಲ್ಲೇ ಕಂಡಿದ್ದೇನೆ. ಡಿಸಿಆರ್ ಅಂತ ಬಾಯಲ್ಲಿ ಹೇಳಿದರೂ ನಂಬಬೇಡಿ. ಪ್ರತಿ ಪ್ಯಾನೆಲ್‌ಗೂ ಸೀರಿಯಲ್ ನಂಬರ್ ಇರುತ್ತದೆ, ಡಿಸಿಆರ್ ಪೋರ್ಟಲ್‌ನಲ್ಲಿ ಹಾಕಿ ತಾಳೆ ನೋಡಬಹುದು. ಮಾಳಿಗೆಗೆ ಏರಿಸುವ ಮುಂಚೆ ನೋಡಿ, ಏರಿಸಿದ ಮೇಲೆ ಅಲ್ಲ.

ಹಾಗಂತ ಟಾಪ್‌ಕಾನ್ ಬೇಡ ಅನ್ನುತ್ತಿಲ್ಲ. ಅವರಿಂದಲೇ ಡಿಸಿಆರ್ ಟಾಪ್‌ಕಾನ್‌ಗೆ ಬೇರೆ ಕೊಟೇಶನ್ ಕೇಳಿ. ಪರ್ಕ್‌ಗಿಂತ ಎಷ್ಟು ಹೆಚ್ಚು ಕೊಡಬಹುದು ಎನ್ನುವುದೇ ನಿಜವಾದ ಪ್ರಶ್ನೆ.

ಪ್ಯಾನೆಲ್ ಮೇಲೆ ಬರೆದ ವ್ಯಾಟ್ 25 ಡಿಗ್ರಿ ಬಿಸಿಯಲ್ಲಿ ಅಳೆದದ್ದು. ಗಾಳಿಯ ಬಿಸಿ ಅಲ್ಲ, ಸೆಲ್ಲಿನದು. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ 37-38 ಇದ್ದರೆ, ಗಾಳಿ ಆಡದ ಹೊತ್ತಿನಲ್ಲಿ ಪ್ಯಾನೆಲ್ 65ರ ತನಕ ಹೋಗುತ್ತದೆ. 40 ಡಿಗ್ರಿ ಹೆಚ್ಚು. ಪ್ರತಿ ಡಿಗ್ರಿಗೆ ಪಾಲಿ ಸುಮಾರು ಶೇಕಡಾ 0.40 ಕಳೆದುಕೊಳ್ಳುತ್ತದೆ, ಪರ್ಕ್ 0.35, ಟಾಪ್‌ಕಾನ್ 0.30. ಅಂದರೆ ಆ ಹೊತ್ತಿನಲ್ಲಿ ಪಾಲಿ 16, ಪರ್ಕ್ 14, ಟಾಪ್‌ಕಾನ್ 12 ಶೇಕಡಾ ಕಡಿಮೆ. ಸುಡುಬಿಸಿಲಿನಲ್ಲೇ ಪರ್ಕ್‌ಗೂ ಟಾಪ್‌ಕಾನ್‌ಗೂ ಎರಡೇ ಅಂತರ. ಬೆಳಗು, ಸಂಜೆ, ಚಳಿಗಾಲ, ಮೋಡ ಎಲ್ಲ ಸೇರಿಸಿದರೆ ವರ್ಷಕ್ಕೆ ಒಂದರ ಆಸುಪಾಸು. 1 ಕಿಲೋವ್ಯಾಟ್ ವರ್ಷಕ್ಕೆ ಸುಮಾರು 1,400 ಯುನಿಟ್ ಕೊಡುತ್ತದೆ ಎಂದು ಹಿಡಿಯಿರಿ. 3 ಕಿಲೋವ್ಯಾಟಿಗೆ 4,200. ಅದರ ಒಂದು ಪರ್ಸೆಂಟ್ 42 ಯುನಿಟ್. ಯುನಿಟ್ಟಿಗೆ ಆರು ರೂಪಾಯಿ ಆಸುಪಾಸು ಎಂದರೂ 250 ರೂಪಾಯಿ. ಸೇಲ್ಸ್‌ನವರು ಅರ್ಧ ಗಂಟೆ ಹೇಳುವ "ಬಿಸಿಲು ತಡೆಯುವ ಶಕ್ತಿ"ಯ ಬೆಲೆ ವರ್ಷಕ್ಕೆ ಇಷ್ಟೇ.

ವಯಸ್ಸಾಗುವುದರಲ್ಲೂ ಸ್ವಲ್ಪ ಫರಕು ಇದೆ. ಪರ್ಕ್‌ಗೆ ಸಾಮಾನ್ಯವಾಗಿ 25 ವರ್ಷದ ಕೊನೆಗೆ ಶೇಕಡಾ 84.8ರಷ್ಟು ಶಕ್ತಿ ಉಳಿಯುತ್ತದೆ ಎಂಬ ಗ್ಯಾರಂಟಿ. ಹಿಂದೆ-ಮುಂದೆ ಎರಡೂ ಕಡೆ ಗಾಜಿರುವ ಟಾಪ್‌ಕಾನ್‌ಗೆ 30 ವರ್ಷಕ್ಕೆ 87.4. ಒಳ್ಳೆಯದೇ. ಆದರೆ ಪ್ಯಾನೆಲ್ ಸತ್ತುಹೋದರೆ ಬದಲಿಸಿ ಕೊಡುವ ವಾರಂಟಿ ಬೇರೆ, ಅದು 10 ಅಥವಾ 12 ವರ್ಷ. ಆ ಎರಡನ್ನೂ ಕಲಸಿ "30 ವರ್ಷ ವಾರಂಟಿ" ಅಂದುಬಿಡುತ್ತಾರೆ, ಬಿಡಿಸಿ ಕೇಳಿ.

ನಿಮ್ಮ ವಿಷಯದಲ್ಲಿ ನಾನು ಟಾಪ್‌ಕಾನ್ ಕಡೆ ವಾಲುವುದು ಇದ್ಯಾವುದಕ್ಕೂ ಅಲ್ಲ, ಜಾಗಕ್ಕೆ. 540ರ ಪರ್ಕ್ ಮತ್ತು 580ರ ಟಾಪ್‌ಕಾನ್ ಅಳತೆ ಹೆಚ್ಚುಕಮ್ಮಿ ಒಂದೇ, ತಲಾ 28 ಚದರಡಿ. ತೋಟ ಇರುವವರಿಗೆ ಒಂದು ಪ್ಯಾನೆಲ್ ಕಡಿಮೆ ಆಯಿತೆಂದರೆ ಒಂದು ಸಾಲು ಗ್ರೋ ಬ್ಯಾಗ್ ಉಳಿಯಿತು ಎಂದರ್ಥ.

ಅದಕ್ಕೂ ಮುಂಚಿನ ಮಾತು: ನಿಮಗೆ 3 ಕಿಲೋವ್ಯಾಟ್ ಯಾಕೆ? ಯಾರನ್ನು ಕೇಳಿದರೂ 3 ಅನ್ನುತ್ತಾರೆ, ಯಾಕೆಂದರೆ ಸಬ್ಸಿಡಿ ಅಲ್ಲಿಗೆ ನಿಲ್ಲುತ್ತದೆ. ನಿಮ್ಮ ಖರ್ಚು 260 ಯುನಿಟ್. ಟಾಪ್‌ಕಾನ್ 580 ನಾಲ್ಕೇ ಹಾಕಿದರೆ 2.32 ಕಿಲೋವ್ಯಾಟ್ ಆಯಿತು, ತಿಂಗಳಿಗೆ ಸರಾಸರಿ 270 ಯುನಿಟ್. ಸರಿಹೋಯಿತಲ್ಲ! ಮಿಕ್ಕ ಯುನಿಟ್‌ಗೆ ಹೆಸ್ಕಾಂ ಕೊಡುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ, ಹಾಗಾಗಿ ಮಾರಲೆಂದು ಜಾಸ್ತಿ ಬೆಳೆಯುವುದು ಲಾಭದ ಬೆಳೆ ಅಲ್ಲ. ನಾಲ್ಕು ಪ್ಯಾನೆಲ್ ಬರೀ 112 ಚದರಡಿ. ಸಬ್ಸಿಡಿ 60,000 ಅಂತೂ ಬರುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ತರುವವರಿದ್ದರೆ, ಗ್ಯಾಸ್ ಬಿಟ್ಟು ಇಂಡಕ್ಷನ್‌ಗೆ ಹೋಗುವವರಿದ್ದರೆ ಮಾತ್ರ ಐದನೆಯದು ಸೇರಿಸಿ. ಸೋಲಾರ್ ಹಾಕಿದರೂ ಬಿಲ್ಲಿನಲ್ಲಿ ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ, ಬಿಲ್ಲು ಪೂರ್ತಿ ಸೊನ್ನೆ ಅಂದವರ ಮಾತು ಬಿಡಿ. ಇನ್ನು ಗೃಹಜ್ಯೋತಿಯಲ್ಲಿ ಈಗಲೇ ಸೊನ್ನೆ ಬಿಲ್ಲು ಬರುವ ಮನೆಯವರು ಈ ಗುಂಪಿನಲ್ಲಿ ತುಂಬ ಜನ ಇದ್ದೀರಿ. ನಿಮಗೆ ನನ್ನ ಸಲಹೆ, ಆ ದುಡ್ಡಿಗೆ ಡ್ರಿಪ್ ಹಾಕಿಸಿ.

ಬೈಫೇಶಿಯಲ್ ಅಂದರೆ ಹಿಂದಿನ ಮೈಯಿಂದಲೂ ಬೆಳಕು ಹಿಡಿಯುವುದು. ಕೆಳಗೆ ಬಿಳಿ ಬಣ್ಣದ ಮಾಳಿಗೆ, ಮೇಲೆ ಎತ್ತರದ ಸ್ಟ್ರಕ್ಚರ್ (ಪ್ಯಾನೆಲ್ ಕೂರಿಸುವ ಕಬ್ಬಿಣದ ಚೌಕಟ್ಟು) ಇದ್ದರೆ ಅಷ್ಟಿಷ್ಟು ಲಾಭ. ನಿಮ್ಮಲ್ಲಿ ಕೆಳಗೆ ಗಿಡ, ಒದ್ದೆ ಮಣ್ಣು. ಅದರಿಂದ ಬರುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಬಂದರೆ ಬರಲಿ. ಹಿಂದೆಯೂ ಗಾಜು ಇರುವುದರಿಂದ ಬಾಳಿಕೆ ಚೆನ್ನ, ಆದರೆ ಒಂದೊಂದು 32 ಕಿಲೋ ತೂಗುತ್ತದೆ. ಸಾದಾ ಪರ್ಕ್ 27-28.

ಈಗ ನನಗೆ ಪೆಟ್ಟು ಬಿದ್ದ ವಿಷಯ, ನೆರಳು. ನನ್ನ ಮನೆ ಹುಬ್ಬಳ್ಳಿ ಕೇಶ್ವಾಪುರದ ಕಡೆ, 2019ರಿಂದ 9 ಪಾಲಿ ಪ್ಯಾನೆಲ್ ಇವೆ. ಹಾಕಿದವರು ಬಂದದ್ದು ಮೇ ತಿಂಗಳಲ್ಲಿ, ಸೂರ್ಯ ನೆತ್ತಿ ಮೇಲೆ. ನೀರಿನ ಟಾಕಿಯ ಪಕ್ಕ ನೆರಳೇ ಇರಲಿಲ್ಲ, ಅಲ್ಲೇ ಕೂರಿಸಿದರು. ನಾನೂ ತಲೆ ಆಡಿಸಿದೆ. ನಮ್ಮೂರು 15 ಡಿಗ್ರಿ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರ ಸೂರ್ಯ ಸರಿಯಾಗಿ ನೆತ್ತಿಗೆ ಬಂದು, ಆಮೇಲೆ ಆಗಸ್ಟ್ ತನಕ ಉತ್ತರಕ್ಕೆ ಸರಿದಿರುತ್ತಾನೆ. ಡಿಸೆಂಬರ್‌ಗೆ ದಕ್ಷಿಣಕ್ಕೆ ಎಷ್ಟು ವಾಲುತ್ತಾನೆಂದರೆ ನಡುಮಧ್ಯಾಹ್ನಕ್ಕೂ ಆರಡಿ ಎತ್ತರದ ಟಾಕಿಯ ನೆರಳು ಉತ್ತರಕ್ಕೆ ಐದಡಿ ಚಾಚುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಇನ್ನೂ ಉದ್ದ. ಆ ಚಳಿಗಾಲದಲ್ಲಿ ಆಕಾಶ ಕನ್ನಡಿಯಂತಿದ್ದರೂ ನನ್ನ ಮೀಟರ್ ಮುನಿಸಿಕೊಂಡಿತ್ತು.

ಪ್ಯಾನೆಲ್‌ಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿರುತ್ತಾರೆ. ಡ್ರಿಪ್ ಪೈಪಿನ ನಡುವೆ ಯಾರೋ ಕಾಲಿಟ್ಟು ನಿಂತರೆ ಹೇಗೋ ಹಾಗೆ, ಒಂದರ ಮೇಲಿನ ನೆರಳು ಇಡೀ ಸಾಲನ್ನು ಎಳೆಯುತ್ತದೆ. ಒಳಗೆ ಬೈಪಾಸ್ ಡಯೋಡ್ (ನೆರಳು ಬಿದ್ದ ಭಾಗವನ್ನು ಬಳಸಿಕೊಂಡು ಕರೆಂಟು ದಾಟಿಸುವ ದಾರಿ) ಇರುವುದರಿಂದ ಪೂರ್ತಿ ನಿಲ್ಲುವುದಿಲ್ಲ, ಆದರೆ ನೆರಳಿನ ಅಳತೆಗಿಂತ ನಷ್ಟ ಜಾಸ್ತಿ. ಈಗಿನ ಹಾಫ್ ಕಟ್ (ಸೆಲ್ಲನ್ನು ಅರ್ಧಕ್ಕೆ ಕತ್ತರಿಸಿದ) ಪ್ಯಾನೆಲ್‌ಗಳು ಸ್ವಲ್ಪ ತಡೆದುಕೊಳ್ಳುತ್ತವೆ. ಪ್ರತಿ ಪ್ಯಾನೆಲ್‌ಗೂ ಬೇರೆ ಮೈಕ್ರೋ ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡುವ ಪುಟ್ಟ ಯಂತ್ರ) ಹಾಕಿಸಿದರೆ ಈ ಗೋಳು ಇನ್ನೂ ಕಡಿಮೆ, ದುಡ್ಡು ಹೆಚ್ಚು. ನಾಲ್ಕು ಪ್ಯಾನೆಲ್‌ಗೆ ಅದರ ಬದಲು ಟಾಕಿಯನ್ನೇ ಉತ್ತರದ ಮೂಲೆಗೆ ಸರಿಸುವುದು ಅಗ್ಗ. ನಾನು ಕೊನೆಗೆ ಮಾಡಿದ್ದೂ ಅದೇ, ಗೌಂಡಿ ಮತ್ತು ಪ್ಲಂಬರ್ ಸೇರಿ ಎರಡು ದಿನದ ಕೆಲಸ.

ತೋಟಕ್ಕೂ ಇದೇ ನಿಯಮ. ಹೀರೆ, ಸೌತೆ, ಹಾಗಲದ ಹಂದರ ಎಲ್ಲ ಪ್ಯಾನೆಲ್‌ನ ಉತ್ತರಕ್ಕೆ. ದಕ್ಷಿಣಕ್ಕೆ ಏನಿದ್ದರೂ ಮೊಣಕಾಲಿನ ಎತ್ತರದ್ದು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆ ಇರಲಿ. ಸ್ಟ್ರಕ್ಚರ್ ಏಳೆಂಟಡಿ ಎತ್ತರಿಸಿದರೆ ಕೆಳಗೆ ಓಡಾಡಬಹುದು. ಮೆಂತ್ಯ, ಕೊತ್ತಂಬರಿ, ಪಾಲಕ, ಪುದೀನಾ ಬೇಸಿಗೆಯಲ್ಲಿ ಆ ಅರೆನೆರಳಿನಲ್ಲಿ ಬಯಲಿಗಿಂತ ಚೆನ್ನಾಗಿ ಬರುತ್ತವೆ, ಬೇಗ ಹೂ ಬಿಡುವುದಿಲ್ಲ. ಬದನೆ, ಟೊಮೆಟೊ, ಮೆಣಸಿನಗಿಡಕ್ಕೆ ಬಿಸಿಲಿನ ಜಾಗ ಬಿಡಿ. ಆದರೆ ಎತ್ತರ ಹೆಚ್ಚಿದಷ್ಟೂ ಗಾಳಿಯ ಹೊಡೆತ. ರೋಹಿಣಿ ಮಳೆಯ ಹೊತ್ತಿನ ಗಾಳಿ ಧಾರವಾಡದವರಿಗೆ ನಾನು ಹೇಳಬೇಕಿಲ್ಲ. ಗದಗದಲ್ಲಂತೂ ಕಪ್ಪತಗುಡ್ಡದ ಮೇಲೆ ಗಾಳಿ ವಿದ್ಯುತ್ತಿನ ಫ್ಯಾನುಗಳು ಸುಮ್ನೆ ನಿಂತಿಲ್ಲ. ಬಿಸಿ ಗ್ಯಾಲ್ವನೈಸ್ ಮಾಡಿದ ಕಬ್ಬಿಣವೇ ಬೇಕು, ಪೇಂಟ್ ಬಳಿದದ್ದು ಬೇಡ. ಸ್ಲ್ಯಾಬಿಗೆ ನೇರ ತೂತು ಹೊಡೆಯಲು ಬಿಟ್ಟರೆ ಮುಂದಿನ ಮಳೆಗಾಲ ಅಡಿಗೆಮನೆಯಲ್ಲಿ ಬಕೆಟ್ ಇಡುತ್ತೀರಿ. ಕಾಂಕ್ರೀಟ್ ಕಟ್ಟೆ ಕಟ್ಟಿ, ಅದರಲ್ಲಿ ಬೋಲ್ಟ್ ಹೂಳಲಿ.

ಧೂಳು ಮತ್ತು ನೀರು. ನಾನು ಮೊದಲ ಬೇಸಿಗೆಯಲ್ಲಿ ಬೋರಿನ ನೀರಿನಿಂದ ಮಧ್ಯಾಹ್ನವೇ ತೊಳೆದೆ. ಕಾದ ಗಾಜಿನ ಮೇಲೆ ನೀರು ಆರಿ, ಸುಣ್ಣ ಬಳಿದಂತೆ ಬಿಳಿ ಪೊರೆ ಕೂತಿತು. ಒಂದು ಮಳೆಗಾಲ ಕಳೆದರೂ ಪೂರ್ತಿ ಹೋಗಲಿಲ್ಲ. ನಳದ ಮಲಪ್ರಭಾ ನೀರು ಬಂದ ದಿನ, ಸೂರ್ಯ ಏಳುವ ಮುಂಚೆ, ಮೆತ್ತನೆ ಬಟ್ಟೆಯ ಮಾಪ್‌ನಿಂದ ತೊಳೆಯಿರಿ. ಸೋಪಿನ ಪುಡಿ ಬೇಡ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು. ಅದಕ್ಕಾಗಿಯೇ ಸ್ಟ್ರಕ್ಚರ್‌ಗೆ ಒಂದು ನಡೆದಾಡುವ ಹಲಗೆ ಈಗಲೇ ಮಾಡಿಸಿ. ಏಳಡಿ ಎತ್ತರ ಮಾಡಿಸಿ ಹತ್ತಲು ದಾರಿ ಇಲ್ಲದೆ ಕೂತವರಿದ್ದಾರೆ.

ಮಂಗ್ಯಾಗಳ ಬಗ್ಗೆ ಕೇಳಿದ್ದೀರಿ. ಪ್ಯಾನೆಲ್ ಮೇಲೆ ಕೂತರೆ, ಓಡಿದರೆ ಗಾಜು ಒಡೆಯುವುದಿಲ್ಲ. ಅವುಗಳ ಕಣ್ಣು ಕೆಳಗೆ ನೇತಾಡುವ ವೈರಿನ ಮೇಲೆ. ಎಲ್ಲ ವೈರೂ ಪೈಪಿನೊಳಗೆ ಹೋಗಲಿ, ಕನೆಕ್ಟರ್‌ಗಳನ್ನು ಫ್ರೇಮಿಗೆ ಬಿಗಿದು ಕಟ್ಟಲಿ.

ಇನ್ವರ್ಟರ್ ಎಲ್ಲಕ್ಕಿಂತ ಮೊದಲು ಕೈಕೊಡುವ ಸಾಮಾನು. ಅದನ್ನು ಬಿಸಿಲಿಗೆ, ಗಿಡಕ್ಕೆ ನೀರು ಹೊಡೆಯುವ ಕಡೆ ಇಡಬೇಡಿ, ಮೆಟ್ಟಿಲಿನ ಕೆಳಗೆ ಗಾಳಿ ಆಡುವಲ್ಲಿ ಇರಲಿ. ಅರ್ಥಿಂಗ್ ಗುಂಡಿ ಮೂರು ಬೇಕು: ಡಿಸಿಗೆ, ಎಸಿಗೆ, ಮಿಂಚು ಬಂಧಕಕ್ಕೆ ಬೇರೆ ಬೇರೆ. ಒಂದರಲ್ಲೇ ಮುಗಿಸುತ್ತೇವೆ ಅಂದರೆ ಒಪ್ಪಬೇಡಿ. ಇನ್ನೊಂದು, ಬ್ಯಾಟರಿ ಇಲ್ಲದ ಆನ್ ಗ್ರಿಡ್ (ಹೆಸ್ಕಾಂ ಲೈನಿಗೆ ಜೋಡಿಸಿದ) ಸಿಸ್ಟಮ್ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ, ಸುಡು ಬಿಸಿಲಿದ್ದರೂ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟು ಹೊಡೆಯಬಾರದಲ್ಲ, ಅದಕ್ಕೆ. ನಮ್ಮ ಮನೆಯವರಿಗೆ ಇದನ್ನು ನಾನು ಮೊದಲೇ ಹೇಳಿರಲಿಲ್ಲ. ಮೊದಲ ಸಲ ಕರೆಂಟು ಹೋದಾಗ ಕೇಳಿದ ಮಾತುಗಳು ಇಲ್ಲಿ ಬೇಡ.

ಮಳೆಗಾಲದ ನಿರೀಕ್ಷೆ ಕಡಿಮೆ ಇಟ್ಟುಕೊಳ್ಳಿ. ನನ್ನ 3 ಕಿಲೋವ್ಯಾಟ್ ಮಾರ್ಚ್‌ನಲ್ಲಿ ದಿನಕ್ಕೆ 13-14 ಯುನಿಟ್ ಕೊಡುತ್ತದೆ, ಜುಲೈನಲ್ಲಿ 6-7. ಧಾರವಾಡದ ಜಿಟಿಜಿಟಿಯಲ್ಲಿ ನಿಮಗೆ ಇನ್ನೂ ಸ್ವಲ್ಪ ಕಡಿಮೆಯೇ ಬಂದೀತು.

ಹಾಗಾಗಿ ನಾಳೆ ಫೋನ್ ಮಾಡಿ ಪರ್ಕ್‌ನವರು, ಟಾಪ್‌ಕಾನ್‌ನವರು ಇಬ್ಬರಿಗೂ ಇದನ್ನೇ ಕೇಳಿ: "ಡಿಸಿಆರ್ ಟಾಪ್‌ಕಾನ್ 580, ನಾಲ್ಕು, ಏಳಡಿ ಸ್ಟ್ರಕ್ಚರ್, ಮೂರು ಅರ್ಥಿಂಗ್, ಎಲ್ಲ ಸೇರಿ ಎಷ್ಟು?" ಡಿಸಿಆರ್ ಪರ್ಕ್ 540 ನಾಲ್ಕಕ್ಕೂ ಕೇಳಿ, ಅದು 2.16 ಕಿಲೋವ್ಯಾಟ್, ತಿಂಗಳಿಗೆ 250 ಯುನಿಟ್ ಆಸುಪಾಸು. ಅಂತರ ಎಂಟತ್ತು ಸಾವಿರದ ಒಳಗಿದ್ದರೆ ಟಾಪ್‌ಕಾನ್, ಅದಕ್ಕಿಂತ ಮೇಲಾದರೆ ಪರ್ಕ್.

ಸ್ಟ್ರಕ್ಚರ್ ಮಾಡಿಸುವಾಗ ಪ್ಯಾನೆಲ್‌ನ ಕೆಳಗಿನ ಅಂಚಿಗೆ ಒಂದು ಪಿವಿಸಿ ದೋಣಿ ಕೂಡ ಹಾಕಿಸಿಕೊಳ್ಳಿ. 112 ಚದರಡಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್ ನೀರು. ನನ್ನ ಡ್ರಮ್ಮಿಗೆ ಬರುವುದು ಅದೇ ನೀರು, ನಳ ಬಾರದ ದಿನ ಬದನೆ ಗಿಡಕ್ಕೆ ಸಾಲುತ್ತದೆ. ಮೊದಲ ಮಳೆಯದ್ದು ಮಾತ್ರ ಹೊರಗೆ ಬಿಡಿ, ಅದರಲ್ಲಿ ಇಡೀ ಬೇಸಿಗೆಯ ಪಾರಿವಾಳದ ಹಿಕ್ಕೆ ಇರುತ್ತದೆ.