ಅಗಸಿಗೆ ಯೂರಿಯಾ ಜಾಸ್ತಿ ಹಾಕಿದರೆ ಇಳುವರಿ ಏರುತ್ತದೆಯೇ?

ಎರಡು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ, ಮುಂಗಾರಿಯಲ್ಲಿ ಹೆಸರುಕಾಳಿನ ಬೆಳೆ ತೆಗೆದು ಈಗ ಅಗಸಿ ಬಿತ್ತಬೇಕು, ಯೂರಿಯಾ ಜಾಸ್ತಿ ಕೊಟ್ಟರೆ ಇಳುವರಿ ಏರುತ್ತದೆಯೇ, ಕಾಳಿನ ಗುಣ ಕೆಡುತ್ತದೆಯೇ ಎಂದು ಕೇಳಿದ್ದೀರಿ. ಒಂದು ಮಟ್ಟದವರೆಗೆ ಏರುತ್ತದೆ. ಅದನ್ನು ದಾಟಿದರೆ ಕಾಳೂ ಕಡಿಮೆ, ಎಣ್ಣೆಯೂ ಕಡಿಮೆ.

ನಮ್ಮದು ಗದಗ ಕಡೆಯ ಮಳೆಯಾಶ್ರಿತ ಹೊಲ. ಒಂದು ವರ್ಷ ನಾನು ಎಕರೆಗೆ ಎರಡು ಚೀಲ ಯೂರಿಯಾ ಕೊಟ್ಟೆ. ಪೈರು ಕಡುಹಸಿರಾಗಿ ತೊಡೆಯೆತ್ತರ ಬೆಳೆಯಿತು, ದಾರಿಹೋಕರು ನಿಂತು ನೋಡುತ್ತಿದ್ದರು. ಹಿಂಗಾರಿಯಲ್ಲಿ ಬೇರಿಗೆ ಸಿಗುವುದು ಎರೆಮಣ್ಣು ಹಿಡಿದಿಟ್ಟ ಹಸಿಯಷ್ಟೇ. ಅದೆಲ್ಲ ಎಲೆ, ಕಾಂಡಕ್ಕೆ ಮುಗಿದು, ಕಾಯಿಯಲ್ಲಿ ಕಾಳು ಕಟ್ಟುವ ಹೊತ್ತಿಗೆ ನೆಲ ಬಿರುಕು ಬಿಟ್ಟಿತ್ತು. ಒಂದೇ ಗಾಳಿಗೆ ಅರ್ಧ ಹೊಲ ಮಲಗಿತು. ಕೆಳಗಿನ ಕಾಯಿ ಒಣಗುತ್ತಿದ್ದರೂ ಹೊಸ ಕವಲಲ್ಲಿ ನೀಲಿ ಹೂ ಬಿಡುತ್ತಲೇ ಇತ್ತು, ಕೊಯ್ಲು ಯಾವಾಗ ಎಂದು ತಿಳಿಯದಂತಾಯಿತು. ಒಳ್ಳೆಯ ಅಗಸಿಯನ್ನು ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ನೀರಿನಂತೆ ಜಾರುತ್ತದೆ. ಆ ವರ್ಷದ ಕಾಳು ಸಪ್ಪಟೆ, ಹೊಳಪಿಲ್ಲ, ಅಂಗೈಯಲ್ಲೇ ಉಳಿಯಿತು. ಹುರಿದು ಹಿಂಡಿ (ಚಟ್ನಿಪುಡಿ) ಕುಟ್ಟಿದರೆ ಎಣ್ಣೆ ಬಿಡಲಿಲ್ಲ.

ಇದಕ್ಕೆ ಕಾರಣವಿದೆ. ಯೂರಿಯಾ ಕೊಡುವ ಸಾರಜನಕ ಹೆಚ್ಚಾದಷ್ಟೂ ಕಾಳಿನಲ್ಲಿ ಪ್ರೋಟೀನ್ ಏರಿ ಎಣ್ಣೆ ಇಳಿಯುತ್ತದೆ. ಆ ಎಣ್ಣೆಯಲ್ಲಿ ಒಮೇಗಾ-3 ಎಂಬ ಒಳ್ಳೆಯ ಕೊಬ್ಬು ಎಷ್ಟಿರುತ್ತದೆ ಎಂಬುದು ಮಾತ್ರ ಗೊಬ್ಬರಕ್ಕಿಂತ ತಳಿ ಮತ್ತು ಕಾಳು ತುಂಬುವಾಗಿನ ಚಳಿಯ ಮೇಲೆ ಹೆಚ್ಚು ನಿಂತಿದೆ. ತಡವಾಗಿ ಬಿತ್ತಿದರೆ ಕಾಳು ತುಂಬುವ ಹೊತ್ತಿಗೆ ಚಳಿ ಹೋಗಿರುತ್ತದೆ, ಅದಕ್ಕೇ ತಡ ಮಾಡಬೇಡಿ.

ನಮ್ಮವರು ಮರೆಯುವುದು ಗಂಧಕವನ್ನು. ಎಣ್ಣೆಕಾಳು ಬೆಳೆಗೆ ಅದು ಬೇಕೇ ಬೇಕು, ಸಾರಜನಕ, ರಂಜಕ ಎರಡೂ ಇರುವ ಡಿಎಪಿ ಗೊಬ್ಬರದಲ್ಲಿ ಅದಿಲ್ಲ. 50 ಕೆಜಿಯ ಒಂದು ಚೀಲ ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ 8 ಕೆಜಿ ರಂಜಕದ ಜೊತೆಗೆ ಐದೂವರೆ ಕೆಜಿ ಗಂಧಕವೂ ಸಿಗುತ್ತದೆ. ನಾನು ಡಿಎಪಿ ಬಿಟ್ಟು ಸೂಪರ್ ಹಿಡಿದ ಮೇಲೆ ಕಾಳಿನ ತೂಕವೇ ಬೇರೆಯಾಗಿದೆ.

ನಿಮ್ಮ ಹೊಲದಲ್ಲಿ ಹೆಸರಿನ ಬೇರು ಸ್ವಲ್ಪ ಸಾರಜನಕ ಬಿಟ್ಟಿರುತ್ತದೆ. ನಾನಾಗಿದ್ದರೆ ಎಕರೆಗೆ ಒಂದು ಚೀಲ ಸೂಪರ್, 25 ಕೆಜಿ ಯೂರಿಯಾ, ಎರಡನ್ನೂ ಬಿತ್ತುವಾಗಲೇ ಕೊಡುತ್ತಿದ್ದೆ. ಡಿಸೆಂಬರಿನಲ್ಲಿ ಒಣ ನೆಲದ ಮೇಲೆ ಎರಚಿದ ಯೂರಿಯಾ ಬೇರಿಗೆ ಇಳಿಯುವುದಿಲ್ಲ. ಗೊಬ್ಬರವನ್ನು ಬೀಜದ ಜೊತೆ ಬೆರೆಸಿ ಕೂರಿಗೆಯ ಒಂದೇ ಕೊಳವೆಯಲ್ಲಿ ಬಿಡಲೇಬೇಡಿ, ಅಗಸಿ ಮೊಳಕೆ ಬಹಳ ಸೂಕ್ಷ್ಮ, ಗೊಬ್ಬರದ ಉಪ್ಪಿಗೆ ಸುಟ್ಟುಹೋಗುತ್ತದೆ. ಬೀಜದ ಸಾಲಿನ ಪಕ್ಕಕ್ಕೆ, ಎರಡು ಬೆರಳು ಕೆಳಗೆ ಬೀಳಲಿ.

ಇನ್ನೊಂದು ಮಾತು. ಸುಣ್ಣಕಲ್ಲಿನ ಎರೆಯಾದರೆ ಎಳೆ ಗಿಡದ ಎಲೆ ನೋಡುತ್ತಿರಿ. ಬೂದುಗಂದು ಚುಕ್ಕೆ ಬಂದು ಕುಡಿ ಒಣಗಿದರೆ ಅದು ಸತುವಿನ (ಜಿಂಕ್) ಕೊರತೆ. ರಂಜಕ ಅತಿಯಾದರೂ ಅದು ಹೆಚ್ಚುತ್ತದೆ. ಬಿತ್ತುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿದರೆ ಜಿಂಕ್ ಸಲ್ಫೇಟ್ ಬೇಕೋ ಬೇಡವೋ ತಿಳಿಯುತ್ತದೆ.