ಪೀಚ್ ಕಾಬ್ಲರ್ ಮೇಲೆ ಕೆಂಪಾದರೂ ಅಡಿಯಲ್ಲಿ ಹಿಟ್ಟು ಹಸಿಯಾಗಿ ಉಳಿಯುವುದೇಕೆ?

ನೀವು ಕೇಳಿದ್ದು ಇಷ್ಟು: ಇರುವುದು ಶಿರಸಿಯಲ್ಲಿ. ಹುಬ್ಬಳ್ಳಿಯಿಂದ ಯಾರೋ ತಂದುಕೊಟ್ಟ ಒಂದು ಕೆ.ಜಿ. ತಾಜಾ ಪೀಚ್ ಹಣ್ಣಿನಿಂದ ಮೊದಲ ಸಲ ಕಾಬ್ಲರ್ (ಹಣ್ಣಿನ ಮೇಲೆ ಹಿಟ್ಟು ಹಾಕಿ ಓವನ್ನಿನಲ್ಲಿ ಬೇಯಿಸುವ ಸಿಹಿತಿಂಡಿ) ಮಾಡಿದಿರಿ. ಹಿಟ್ಟನ್ನು ಹಣ್ಣಿನ ಮೇಲೆ ಪೂರ್ತಿ ಹರಡಿದ್ದಿರಿ. ಮೇಲೆ ಚಂದಕ್ಕೆ ಕೆಂಪಾಗಿತ್ತು. ಚಮಚ ಇಳಿಸಿದರೆ ಹಿಟ್ಟಿನ ಅಡಿಭಾಗ ಅಂಟಂಟು, ಅದರ ಕೆಳಗೆ ಹಣ್ಣೆಲ್ಲ ನೀರಿನಲ್ಲಿ ತೇಲುತ್ತಿತ್ತು. ಮನೆಯಲ್ಲಿ ಮೊಟ್ಟೆ ನಡೆಯುವುದಿಲ್ಲ, ಅದನ್ನು ಬಿಟ್ಟದ್ದಕ್ಕೇ ಹೀಗಾಯಿತೋ ಏನೋ ಎಂಬ ಅನುಮಾನ ನಿಮಗೆ.

ಮೊಟ್ಟೆಯ ತಪ್ಪಲ್ಲ. ಹಣ್ಣಿನ ಮೇಲೆ ಉಂಡೆ ಉಂಡೆಯಾಗಿ ಹಿಟ್ಟು ಇಡುವ ಬಗೆಯ ಕಾಬ್ಲರಿಗೆ ಮೊಟ್ಟೆ ಬೇಕಾಗಿಯೇ ಇಲ್ಲ. ನಿಮ್ಮ ಹಣ್ಣು ತಣ್ಣಗಿತ್ತು, ಅದೇ ಕಾರಣ. ತಣ್ಣಗಿನ ಹಸಿ ಹಣ್ಣಿನ ಮೇಲೆ ಹಿಟ್ಟು ಹಾಕಿ ಓವನ್ನಿಗೆ ಇಡುವುದು, ನೀರು ಕುದಿಯುವ ಮೊದಲೇ ಇಡ್ಲಿ ತಟ್ಟೆ ಇಳಿಸಿದ ಹಾಗೆ. ಮೇಲಿನ ಕಾವಿಗೆ ಹಿಟ್ಟಿನ ನೆತ್ತಿ ಇಪ್ಪತ್ತು ನಿಮಿಷದಲ್ಲಿ ಕೆಂಪಾಗುತ್ತದೆ. ಅಷ್ಟರಲ್ಲಿ ಕೆಳಗಿನ ಹಣ್ಣು ಬೆಚ್ಚಗಾಗಿ ನೀರು ಬಿಡಲು ಶುರು ಮಾಡಿರುತ್ತದೆ ಅಷ್ಟೇ. ಹಿಟ್ಟಿನ ಅಡಿಭಾಗ ಬೇಯುವುದು ಹಣ್ಣಿನ ಹಬೆಯಿಂದ. ಆ ಹಬೆ ಏಳುವ ಹೊತ್ತಿಗೆ ನೀವು ಕೆಂಪು ಬಣ್ಣ ನೋಡಿ ಹೊರಗೆ ತೆಗೆದಿರುತ್ತೀರಿ. ಇದನ್ನು ಇಷ್ಟು ಖಂಡಿತವಾಗಿ ಹೇಳಲು ಕಾರಣ, ಕಾರವಾರದ ನಮ್ಮ ಅಡುಗೆಮನೆಯಲ್ಲಿ ನಾನೂ ಇದೇ ತಪ್ಪನ್ನು ಒಂದಲ್ಲ, ಮೂರು ಸಲ ಮಾಡಿದ್ದೇನೆ.

ಕಾಬ್ಲರ್ ಅಮೆರಿಕದ ತಿಂಡಿ. ಅದರಲ್ಲೂ ಪೀಚ್ ಕಾಬ್ಲರ್ ಅಲ್ಲಿನ ದಕ್ಷಿಣದ ರಾಜ್ಯಗಳದ್ದು. ಜಾರ್ಜಿಯಾಕ್ಕೆ ‘ಪೀಚ್ ರಾಜ್ಯ’ ಎಂದೇ ಅಡ್ಡಹೆಸರು. ಹಿಟ್ಟಿನ ಉಂಡೆಗಳು ಉಬ್ಬಿದಾಗ ಗುಂಡುಕಲ್ಲು ಹಾಸಿದ ಹಳೇ ರಸ್ತೆಯ ಹಾಗೆ ಕಾಣುವುದರಿಂದ ಆ ಹೆಸರು ಬಂತು ಅನ್ನುವುದು ಒಂದು ವಿವರಣೆ. ವಲಸೆ ಬಂದವರ ಬಳಿ ಓವನ್ ಇರಲಿಲ್ಲ. ಬೀಡುಕಬ್ಬಿಣದ ದಪ್ಪ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ಇದನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ಅಜ್ಜಿಯ ತವಸಳಿ. ಸೌತೆಕಾಯಿ ತುರಿ, ರವೆ, ಬೆಲ್ಲ ಕಲಸಿ ಪಾತ್ರೆಗೆ ಹಾಕಿ, ಕೆಳಗೆ ಒಂದಿಷ್ಟು, ಮುಚ್ಚಳದ ಮೇಲೆ ಒಂದಿಷ್ಟು ಗೆರಟೆಯ ಕೆಂಡ ಹಾಕುತ್ತಿದ್ದಳು. ಕೆಳಗಿನ ಕಾವು ಮೊದಲು, ಮೇಲಿನದು ಆಮೇಲೆ. ಮುಚ್ಚಳದ ಕೆಂಡವನ್ನು ಅವಸರ ಮಾಡಿ ಹಾಕಿದರೆ ‘ತಲೆ ಸುಟ್ಟು ಹೊಟ್ಟೆ ಹಸಿ’ ಆಗುತ್ತದೆ ಅಂತ ಬೈಯುತ್ತಿದ್ದಳು. ನಿಮ್ಮ ಕಾಬ್ಲರಿಗೆ ಆದದ್ದೂ ಅದೇ.

ಈಗ ಹಣ್ಣಿನ ವಿಷಯ. ಹೆಚ್ಚಿನ ಪಾಕವಿಧಾನಗಳು ಎಡವುವುದು ಇಲ್ಲಿ. ಅವು ಮರದಲ್ಲೇ ಮಾಗಿದ ಹಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಪೀಚ್ ಮರಕ್ಕೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೇಕು. ನಮ್ಮ ಕರಾವಳಿಯಲ್ಲಂತೂ ಅದು ಕನಸಿನ ಮಾತು, ನಿಮ್ಮ ಘಟ್ಟದ ಮೇಲೂ ಅಷ್ಟೊಂದು ಚಳಿ ಎಲ್ಲಿ? ನಮಗೆ ಬರುವುದು ಹಿಮಾಚಲದ ರಾಜಗಢ, ಉತ್ತರಾಖಂಡದ ರಾಮಗಢ ಕಡೆಯ ಬೆಟ್ಟದ ಹಣ್ಣು. ಏಪ್ರಿಲ್–ಮೇ ಹೊತ್ತಿಗೆ ಪಂಜಾಬಿನ ಬಯಲುಸೀಮೆಯದೂ ಬರುತ್ತದೆ. ಅಷ್ಟು ದೂರ ಲಾರಿಯಲ್ಲಿ ಬರಬೇಕೆಂದರೆ ಗಟ್ಟಿ ಇರುವಾಗಲೇ ಕೊಯ್ಯಬೇಕು. ನಮ್ಮಲ್ಲಿ ಮೇ, ಜೂನಿನ ಕೆಲವು ವಾರ ಮಾರ್ಕೆಟ್ಟಿನ ಒಂದೆರಡು ಹಣ್ಣಿನ ಅಂಗಡಿಗಳಲ್ಲಿ ಕಾಣಿಸಿ ಮಾಯವಾಗುತ್ತದೆ. ಸಿಗದಿದ್ದರೆ ಮಡಗಾಂವಿಗೆ ಹೋದವರ ಹತ್ತಿರ ಹೇಳಿಕಳಿಸುತ್ತೇವೆ. ಅಂಗಡಿಯವರು ಇದನ್ನು ಹಿಂದಿಯಲ್ಲಿ ‘ಆಡೂ’ ಅನ್ನುತ್ತಾರೆ. ಒಮ್ಮೆ ಒಬ್ಬರು ಫೋನ್ ಮಾಡಿ “ಆಡೂ ಬಂದಿದೆ, ಎರಡು ಕಿಲೋ ತೆಗೆದಿಡಲಾ?” ಅಂದಾಗ ನಮ್ಮ ಆಯಿ “ನಮ್ಮ ಮನೇಲಿ ಯಾರೂ ಮಟನ್ ತಿನ್ನೂದಿಲ್ಲ” ಅಂತ ಫೋನ್ ಇಟ್ಟುಬಿಟ್ಟಿದ್ದಳು.

ಗಟ್ಟಿ ಪೀಚನ್ನು ಮನೆಗೆ ತಂದ ಕೂಡಲೇ ಫ್ರಿಜ್ಜಿಗೆ ತುರುಕಬೇಡಿ. ಕಾಯಿ ಇರುವಾಗಲೇ ಫ್ರಿಜ್ಜಿನ ತಣ್ಣಗೆ ಸಿಕ್ಕರೆ ತಿರುಳು ರಸ ಕಳೆದುಕೊಂಡು ಹಿಟ್ಟುಹಿಟ್ಟಾಗುತ್ತದೆ, ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ. ಕಾಗದದ ಚೀಲದಲ್ಲಿ ಒಂದು ಬಾಳೆಹಣ್ಣಿನ ಜೊತೆ ಎರಡು ಮೂರು ದಿನ ಹೊರಗೇ ಇಡಿ. ಮಳೆ ಹಿಡಿದಿದ್ದರೆ ಚೀಲ ಬೇಡ, ಬೂಸು ಬರುತ್ತದೆ. ಒಂದಕ್ಕೊಂದು ತಾಗದ ಹಾಗೆ ಹುಲ್ಲಿನ ಮೇಲೋ ಪೇಪರಿನ ಮೇಲೋ ಹರಡಿ. ತೊಟ್ಟಿನ ಹತ್ತಿರ ಒತ್ತಿದರೆ ಸ್ವಲ್ಪ ತಗ್ಗಬೇಕು, ಮೂಗಿಗೆ ಪರಿಮಳ ಬರಬೇಕು. ಇನ್ನೊಂದು ಮಾತು: ಬಾಳೆಕಾಯಿ, ಮಾವಿನಕಾಯಿಯಲ್ಲಿ ಪಿಷ್ಟ ಇರುವುದರಿಂದ ಕೊಯ್ದ ಮೇಲೂ ಅದು ಸಕ್ಕರೆಯಾಗಿ ಸಿಹಿ ಏರುತ್ತದೆ. ಪೀಚಿನಲ್ಲಿ ಆ ದಾಸ್ತಾನು ಇಲ್ಲ. ಅದು ಮೆತ್ತಗಾಗುತ್ತದೆ, ಹುಳಿ ಇಳಿಯುತ್ತದೆ, ಪರಿಮಳ ಬರುತ್ತದೆ, ಆದರೆ ಸಿಹಿ ಹೆಚ್ಚೇನೂ ಏರುವುದಿಲ್ಲ. ಹಾಗಾಗಿ ಪುಸ್ತಕದಲ್ಲಿ ಬರೆದಷ್ಟೇ ಸಕ್ಕರೆ ಹಾಕುವುದರಲ್ಲಿ ಅರ್ಥವಿಲ್ಲ. ಒಂದು ಹೋಳು ತಿಂದು ನೋಡಿ ಹಾಕಿ. ಒಂದು ಕೆ.ಜಿ.ಗೆ ನನಗೆ 80ರಿಂದ 120 ಗ್ರಾಂ ತನಕ ಬೇಕಾದದ್ದುಂಟು.

ಸಿಪ್ಪೆ ತೆಗೆಯಲು ಹಣ್ಣಿನ ಬುಡದಲ್ಲಿ ಅಡ್ಡ–ಉದ್ದ ಗೀರಿ, ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ ತಣ್ಣೀರಿಗೆ ಹಾಕಿ. ಮಾಗಿದ ಹಣ್ಣಿನ ಸಿಪ್ಪೆ ಅಂಗಿ ಕಳಚಿದ ಹಾಗೆ ಬರುತ್ತದೆ. ಬರದೆ ಹಟ ಹಿಡಿದರೆ ಹಣ್ಣು ಇನ್ನೂ ಕಾಯಿ ಅಂತ ಲೆಕ್ಕ. ಅಂಥದ್ದಕ್ಕೆ ಪೀಲರ್ ಹಿಡಿಯಿರಿ, ಅಥವಾ ಸಿಪ್ಪೆಯನ್ನು ಹಾಗೇ ಬಿಡಿ. ಬೆಂದ ಮೇಲೆ ಅದೇನೂ ಗಂಟಲಿಗೆ ಸಿಕ್ಕುವುದಿಲ್ಲ. ಸೀಸನ್ನಿನ ಮೊದಲಿಗೆ ಬರುವ ಹಣ್ಣಿನಲ್ಲಿ ಬೀಜ ತಿರುಳಿಗೆ ಅಂಟಿಕೊಂಡಿರುವುದೇ ಹೆಚ್ಚು. ತಿರುಚಿ ಎರಡು ಹೋಳು ಮಾಡಲು ಹೋಗಿ ಹಣ್ಣು ಜಜ್ಜಿಹೋಗುತ್ತದೆ. ಮಾವಿನ ಕೆನ್ನೆ ಕೊಯ್ದ ಹಾಗೆ ಗೊರಟಿನ ಸುತ್ತ ಹೋಳು ತೆಗೆಯಿರಿ, ಬೆರಳಿನಷ್ಟು ದಪ್ಪ ಇರಲಿ. ಗೊರಟು ಒಡೆದರೆ ಒಳಗೆ ಬಾದಾಮಿಯಂಥ ತಿರುಳು ಸಿಗುತ್ತದೆ, ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಅದರಲ್ಲಿ ಹೊಟ್ಟೆಗೆ ಹೋದಾಗ ಸಯನೈಡ್ ಬಿಡುವ ಅಂಶವಿದೆ.

ನೀರಿನ ಸಮಸ್ಯೆಗೆ ನಾನು ಮಾಡುವುದು ಹೀಗೆ. ಹೋಳುಗಳಿಗೆ ಸಕ್ಕರೆ, ಚಿಟಿಕೆ ಉಪ್ಪು, ಅರ್ಧ ಲಿಂಬೆಯ ರಸ ಹಾಕಿ ಅರ್ಧ ಗಂಟೆ ಬಿಡುತ್ತೇನೆ. ಸಕ್ಕರೆ ಹಣ್ಣಿನ ನೀರನ್ನೆಲ್ಲ ಹೊರಗೆ ಎಳೆಯುತ್ತದೆ. ಒಂದು ಕೆ.ಜಿ. ಹಣ್ಣಿಗೆ ಹತ್ತಿರ ಹತ್ತಿರ ಒಂದು ಲೋಟ ರಸ ಇಳಿದದ್ದೂ ಇದೆ. ಓವನ್ನಿನ ಒಳಗೆ ಇಳಿಯಬೇಕಾದ ನೀರು ಹೊರಗೇ ಇಳಿಯಿತಲ್ಲ, ಅದು ಲಾಭ. ರಸ ಮಾತ್ರ ಬಾಣಲೆಗೆ ಬಸಿದು ಅರ್ಧ ಆಗುವ ತನಕ ಕುದಿಸಿ, ಒಂದೂವರೆ ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಹಾಕಿ. ಅದು ಒಂದು ನಿಮಿಷವಾದರೂ ಗುಳುಗುಳು ಕುದಿಯಬೇಕು. ಕುದಿಯದ ಕಾರ್ನ್‌ಫ್ಲೋರ್ ದಪ್ಪವಾಗುವುದಿಲ್ಲ, ಬಾಯಲ್ಲಿ ಸುಣ್ಣದ ಹಾಗೆ ಇರುತ್ತದೆ. ಈಗ ಹೋಳುಗಳನ್ನು ಸೇರಿಸಿ ಎರಡು ನಿಮಿಷ ಬಿಸಿ ಮಾಡಿ. ಕೊನೆಗೆ ಜಾಯಿಕಾಯಿ ತುರಿದು ಹಾಕಿ. ಶಿರಸಿಯವರಿಗೆ ಜಾಯಿಕಾಯಿಯನ್ನು ನಾನು ಪರಿಚಯಿಸಬೇಕೇ, ತೋಟದಲ್ಲೇ ಬೆಳೆಯುತ್ತೀರಿ. ಆದರೆ ಕಾಲು ಚಮಚ ದಾಟಬೇಡಿ, ಕಹಿಯಾಗುತ್ತದೆ. ದಾಲ್ಚಿನ್ನಿ ಹಾಕುವವರಿದ್ದಾರೆ, ನನಗೆ ಅದು ಪೀಚಿನ ಪರಿಮಳವನ್ನು ನುಂಗಿಬಿಡುತ್ತದೆ ಅನಿಸುತ್ತದೆ. ಬೆಲ್ಲ ಹಾಕಿಯೂ ನೋಡಿದ್ದೇನೆ. ರುಚಿಯೇನೋ ಚೆನ್ನಾಗಿತ್ತು, ಆದರೆ ಅದು ಬೆಲ್ಲದ ರುಚಿ, ಪೀಚಿನದಲ್ಲ. ಅಷ್ಟು ದುಡ್ಡು ಕೊಟ್ಟು ತಂದ ಹಣ್ಣಿಗೆ ಅನ್ಯಾಯ.

ಹಣ್ಣು ಒಲೆಯ ಮೇಲಿರುವಾಗಲೇ ಓವನ್ 190 ಡಿಗ್ರಿಗೆ ಕಾಯಲು ಬಿಟ್ಟು ಹಿಟ್ಟು ಕಲಸಿ. 180 ಗ್ರಾಂ ಮೈದಾ, ಎರಡು ದೊಡ್ಡ ಚಮಚ ಸಕ್ಕರೆ, ಎರಡು ಸಣ್ಣ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡಾ. ಬೆಣ್ಣೆ ಉಪ್ಪಿನದಾದರೆ ಬೇರೆ ಉಪ್ಪು ಬೇಡ. ಇದಕ್ಕೆ 75 ಗ್ರಾಂ ತಣ್ಣಗಿನ ಬೆಣ್ಣೆ. ನಮ್ಮ ಕಡೆಯ ಸೆಖೆಯಲ್ಲಿ ಬೆಣ್ಣೆ ಬೆರಳು ಮುಟ್ಟುವ ಮೊದಲೇ ಎಣ್ಣೆಯಾಗುತ್ತದೆ. ಅದಕ್ಕೆ ನಾನು ಬೆಣ್ಣೆಯನ್ನು ಫ್ರೀಜರಿನಲ್ಲಿ ಕಲ್ಲು ಮಾಡಿ, ತೆಂಗಿನಕಾಯಿ ತುರಿದ ಹಾಗೆ ತುರಿಮಣೆಯಲ್ಲಿ ನೇರವಾಗಿ ಮೈದಾಕ್ಕೆ ತುರಿಯುತ್ತೇನೆ. ಬೆಣ್ಣೆಯ ಚೂರು ಚೂರಾಗಿಯೇ ಉಳಿದರೆ ಓವನ್ನಿನಲ್ಲಿ ಕರಗಿ, ಅದರೊಳಗಿನ ನೀರು ಹಬೆಯಾಗಿ ಹಿಟ್ಟನ್ನು ಪದರ ಬಿಡಿಸುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಚೆನ್ನಾಗಿ ತೊಳೆದು, ಮಜ್ಜಿಗೆ ಪೂರ್ತಿ ಹಿಂಡಿ ತೆಗೆಯಿರಿ. ತುಪ್ಪ ಬೇಡ, ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಕಡೆಗೆ 120 ಮಿಲಿಲೀಟರ್‌ನಷ್ಟು ಗಟ್ಟಿ ಮಜ್ಜಿಗೆ ಹಾಕಿ ಚಮಚದಲ್ಲಿ ಹತ್ತು ಹನ್ನೆರಡು ಸುತ್ತು, ಸಾಕು. ಒಡ್ಡೊಡ್ಡಾಗಿ ಕಾಣಬೇಕು. ಚಪಾತಿ ಹಿಟ್ಟಿನ ಹಾಗೆ ನಾದಿದರೆ ರಬ್ಬರ್ ಆಗುತ್ತದೆ. ಮಜ್ಜಿಗೆ ಬಿದ್ದ ಕ್ಷಣದಿಂದ ಸೋಡಾ ಕೆಲಸ ಶುರು ಮಾಡುತ್ತದೆ, ಆಮೇಲೆ ಫೋನ್ ಬಂದರೂ ಎತ್ತಬೇಡಿ.

ಎಂಟು ಇಂಚಿನ ಗಾಜಿನ ಅಥವಾ ಪಿಂಗಾಣಿ ತಟ್ಟೆಗೆ ಕುದಿಬಿಸಿ ಹಣ್ಣು ಸುರಿದು (ಗಾಜಿನದಾದರೆ ಮೊದಲು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಫಟ್ಟಂತ ಸೀಳುತ್ತದೆ), ಹಿಟ್ಟನ್ನು ಎಂಟು ಒಂಬತ್ತು ಉಂಡೆಯಾಗಿ ಬಿಡಿ ಬಿಡಿಯಾಗಿ ಇಡಿ. ಸಂದು ಇರಲೇಬೇಕು, ಹಬೆ ಹೊರಗೆ ಹೋಗುವ ದಾರಿ ಅದು. ನೀವು ಹಿಟ್ಟನ್ನು ಹೊದಿಕೆಯ ಹಾಗೆ ಪೂರ್ತಿ ಹರಡಿದ್ದಿರಿ ಅಂತ ಬರೆದಿದ್ದೀರಲ್ಲ, ಅಂಟಿಗೆ ಅದೂ ಒಂದು ಕಾರಣ.

ನಿಮ್ಮದು ಸಣ್ಣ ಓಟಿಜಿ (ಮೇಜಿನ ಮೇಲಿಡುವ ಕರೆಂಟ್ ಓವನ್). ಅದರ ಮೇಲಿನ ರಾಡು ತಟ್ಟೆಗೆ ತೀರಾ ಹತ್ತಿರ, ಹಾಗಾಗಿ ಕೆಳಗಿನ ಅಂತಸ್ತಿನಲ್ಲಿಡಿ. ಬೇಗ ಕೆಂಪಾದರೆ ಮೇಲೆ ಫಾಯಿಲ್ ಹಾಳೆ ಸಡಿಲವಾಗಿ ಮುಚ್ಚಿ. ಮೂವತ್ತೈದು, ನಲವತ್ತು ನಿಮಿಷ ಹಿಡಿಯುತ್ತದೆ. ಗಡಿಯಾರಕ್ಕಿಂತ ಎರಡು ಗುರುತು ನಂಬಿ. ಅಂಚಿನಲ್ಲಿ ಮಾತ್ರವಲ್ಲ, ನಡುವೆಯೂ ರಸ ದಪ್ಪ ಗುಳ್ಳೆಯಾಗಿ ಕುದಿಯುತ್ತಿರಬೇಕು. ನಡುವಿನ ಒಂದು ಉಂಡೆಯನ್ನು ಚಮಚದಿಂದ ಎತ್ತಿ ಹೊಟ್ಟೆ ನೋಡಿದರೆ ಬ್ರೆಡ್ಡಿನ ಹಾಗೆ ಬಿಡಿಯಾಗಿರಬೇಕು. ಎತ್ತಿದ ಗಾಯ ಯಾರಿಗೂ ಕಾಣುವುದಿಲ್ಲ.

ಹೋದ ಮಳೆಗಾಲದಲ್ಲಿ ತಂಗಿಯ ಮಕ್ಕಳು ಬಂದಾಗ ಇಟ್ಟು ಹದಿನೈದು ನಿಮಿಷಕ್ಕೆ ಕರೆಂಟ್ ಹೋಯಿತು. ಅರ್ಧ ಗಂಟೆ ಕಾದು, ದಪ್ಪ ತಳದ ಕಡಾಯಿಯಲ್ಲಿ ಸ್ಟ್ಯಾಂಡ್ ಇಟ್ಟು ಮುಚ್ಚಿ ಗ್ಯಾಸಿನ ಮೇಲೆ ಮುಗಿಸಿದೆ. ಬೆಂದದ್ದೇನೋ ಬೆಂದಿತು, ಮೇಲೆ ಮಾತ್ರ ಕಡುಬಿನ ಹಾಗೆ ಬಿಳಿ ಬಿಳಿ. “ಇದೇನು ಹಣ್ಣಿನ ಸಾರಿನಲ್ಲಿ ಇಡ್ಲಿಯಾ?” ಅಂತ ಸಣ್ಣವನು ಕೇಳಿದ. ಓವನ್ ಇಲ್ಲದವರು ಕುಕ್ಕರಿನಲ್ಲಿ ಮಾಡಬಹುದೇ ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ: ಮಾಡಬಹುದು, ಆದರೆ ಆ ಕೆಂಪು, ಆ ಕರುಂ ಕುರುಂ ಬರುವುದಿಲ್ಲ. ಮುಚ್ಚಳದ ಮೇಲೆ ಗೆರಟೆ ಕೆಂಡ ಹಾಕುವ ಸೌಕರ್ಯ ಇದ್ದರೆ ಮಾತು ಬೇರೆ.

ತೆಗೆದ ಕೂಡಲೇ ಬಡಿಸಬೇಡಿ. ಅರ್ಧ, ಮುಕ್ಕಾಲು ಗಂಟೆ ಬಿಟ್ಟರೆ ರಸ ತಣಿಯುತ್ತಾ ದಪ್ಪವಾಗುತ್ತದೆ. ಬಿಸಿಬಿಸಿ ತೋಡಿದರೆ ಎಲ್ಲ ಸರಿಯಾಗಿ ಮಾಡಿದ್ದೂ ನೀರುನೀರಾಗಿಯೇ ಕಾಣುತ್ತದೆ. ವೆನಿಲ್ಲಾ ಐಸ್‌ಕ್ರೀಂ ಜೊತೆ ತಿನ್ನುವುದು ವಾಡಿಕೆ, ನಾವು ಹಾಲಿನ ಕೆನೆ ಹಾಕಿಕೊಳ್ಳುತ್ತೇವೆ. ಮಳೆಗಾಲದ ತೇವಕ್ಕೆ ರಾತ್ರಿ ಕಳೆಯುವುದರೊಳಗೆ ಮೇಲ್ಭಾಗ ಮೆತ್ತಗಾಗುತ್ತದೆ. ಮರುದಿನ ಓಟಿಜಿಯಲ್ಲಿ ಹತ್ತು ನಿಮಿಷ ಇಟ್ಟರೆ ಪರವಾಗಿಲ್ಲ, ಮೈಕ್ರೋವೇವ್ ಮಾತ್ರ ಬೇಡ.

ಪೀಚ್ ಸಿಗುವ ವಾರಗಳು ಕೈತಪ್ಪಿದರೆ ನಿಮಗೆ ಬನವಾಸಿ ಕಡೆಯ ಅನಾನಸು ಹತ್ತಿರವೇ ಇದೆ, ಇದೇ ಅಳತೆಗೆ ಸರಿಯಾಗಿ ಒಗ್ಗುತ್ತದೆ. ಲಿಂಬೆ ಬಿಡಿ, ಹೋಳು ಸಣ್ಣದಿರಲಿ, ರಸದಲ್ಲಿ ಎರಡರ ಬದಲು ಐದಾರು ನಿಮಿಷ ಬೇಯಲಿ. ಬಕ್ಕೆ ಹಲಸಿನ ತೊಳೆಯೂ ಆದೀತು, ಸಕ್ಕರೆ ಅರ್ಧಕ್ಕೆ ಇಳಿಸಿ. ಈಶಾಡು ಮಾವಿನಲ್ಲಿ ಪ್ರಯತ್ನಿಸಬೇಡಿ. ನಮ್ಮ ಅಂಕೋಲೆಯ ಕರಿ ಈಶಾಡಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದಾಗ ಆ ಹುಮ್ಮಸ್ಸಿನಲ್ಲಿ ಒಮ್ಮೆ ಮಾಡಿದ್ದೆ. ಹೋಳು ಒಂದೂ ಉಳಿಯದೆ ಪೂರ್ತಿ ಸೀಕರಣೆಯಾಯಿತು. ಆಯಿ ಮೇಲಿನ ಹಿಟ್ಟನ್ನು ಬದಿಗೆ ಸರಿಸಿ, ಅದನ್ನು ಪೂರಿಗೆ ಹಾಕಿಕೊಂಡು ತಿಂದಳು.